ಹಾಲೇಶನ ಚೌಕ

ಆನವಟ್ಟಿಯ ಹಾಲೇಶ ಖೋ-ಖೋದಲ್ಲಿ ಅಟ್ಟಿಸಿಕೊಂಡು ಬಂದರೆ ತಪ್ಪಿಸಿಕೊಂಡವರಿಲ್ಲ. ಶಿಕಾರಿಪುರದ ನಾನೂ ಎಷ್ಟೋ ಸಲ ಅವನ ಕೈಗೆ ಸಿಕ್ಕವನೇ. ಹದಿನೇಳನೇ ವಯಸ್ಸಿಗೇ ಅವನು ಜ್ವರ ಬಂದು ತೀರಿಕೊಂಡ. ಪ್ರತಿ ವರ್ಷ ನಡೆಯುವ ಅವನ ನೆನಪಿನ ಪಂದ್ಯದಲ್ಲಿ ಅವನ ತಂಡ ಅವನು ಕೂರುತ್ತಿದ್ದ ಚೌಕವನ್ನು ಖಾಲಿ ಬಿಡುತ್ತದೆ.

ಈ ವರ್ಷ ನಾನು ಓಡುತ್ತಿದ್ದಾಗ, ಅಟ್ಟುತ್ತಿದ್ದ ಹುಡುಗ ಹಳೇ ಅಭ್ಯಾಸದಲ್ಲಿ ಆ ಖಾಲಿ ಚೌಕಕ್ಕೇ "ಖೋ" ಕೊಟ್ಟು ಕೂತುಬಿಟ್ಟ. ಜನ ನಕ್ಕರು. ನಾನೂ ನಗುತ್ತ ನಿಂತೆ. ಸುಡುಬಿಸಿಲಲ್ಲಿ ಬರಿಗಾಲಿನ ಸದ್ದು ಹಿಂದಿನಿಂದ ಬಂತು. ತಣ್ಣನೆಯ ಅಂಗೈಯೊಂದು ಬೆನ್ನಿಗೆ ತಾಗಿತು. ಕೈಯೆತ್ತಿ ಹೊರಗೆ ಹೊರಟೆ.

"ಯಾರೂ ಮುಟ್ಟಿಲ್ವಲ್ಲೋ?" ಎಂದರು ಅಂಪೈರ್.

"ಔಟಾದೆ ಸರ್. ಅವ್ನು ಯಾರನ್ನ ಬಿಟ್ಟಿದ್ದ ಹೇಳ್ರಿ?" ಎಂದೆ.

ನಾನು ಕೈಯೆತ್ತುವ ಮೊದಲೇ, ಗೆರೆಯಾಚೆ ಕೂತಿದ್ದ ಹಾಲೇಶನ ತಾಯಿ ಹುಲಿಯಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಲು ಶುರುಮಾಡಿದ್ದರು.