ಒಲೆ ಪಕ್ಕ ಒಣಗಿಸಿದ ಚರ್ಮ

ಕಣಿವೆಯಾಚೆಯ ಬೇಟೆ ಗುಡಿಸಲಲ್ಲಿ ಲೋಪ್ಸನ್ ಕಾಲು ಮುರಿದುಕೊಂಡು ಬಿದ್ದಿದ್ದಾನೆಂದು ರೇಡಿಯೋದಲ್ಲಿ ಸುದ್ದಿ ಬಂದಾಗ ಅವನ ಅಣ್ಣ ಸಂದಕ್ ತಡಮಾಡಲಿಲ್ಲ. ಕುದುರೆಯ ಎದೆಮಟ್ಟ ಹಿಮ. ಸ್ಕೀ ಮೇಲೆಯೇ ಹೋಗಬೇಕು. ಅಳಿಯನನ್ನು ಕೂಗಿದ.

"ಅಯಾಸ್, ನನ್ನ ಸ್ಕೀ ರಿಪೇರಿ ಆಯ್ತೇನೋ?"

"ಆಯ್ತು ಮಾವ."

ಅರ್ಧ ಸುಳ್ಳು. ಸ್ಕೀ ಹಲಗೆಯ ತಳಕ್ಕೆ ಕುದುರೆಗಾಲಿನ ಹಸಿ ಚರ್ಮವನ್ನು ಬಿಗಿದು, ಏರುವಾಗ ಜಾರದಂತೆ ಕೂದಲು ಹಿಂದಕ್ಕೆ ಮಲಗಿಸಿ ಬಾರಿನಿಂದ ಹೊಲಿದು, ತಣ್ಣನೆಯ ಉಗ್ರಾಣದಲ್ಲಿ ಆರು ದಿನ ಆರಲು ಬಿಡಬೇಕು. ಅಯಾಸ್ ಹೊಸವರ್ಷದ ಊಟ, ತಿರುಗಾಟದಲ್ಲಿ ಐದು ದಿನ ಕಳೆದು, ಕಡೆಯ ದಿನ ಹೊಲಿದು ಒಲೆ ಪಕ್ಕ ಒರಗಿಸಿದ್ದ. ತಟ್ಟಿದರೆ ಹಪ್ಪಳದ ಸದ್ದು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಾವ ಅಂಗಳ ದಾಟಿದ್ದ.

ಗಾಯಾಳುವನ್ನು ಎಳೆದು ತರಲು ಸುರುಳಿ ಸುತ್ತಿದ ಇಡೀ ಕುದುರೆ ಚರ್ಮ ಅಯಾಸನ ಬೆನ್ನ ಮೇಲಿತ್ತು. ಲಾರ್ಚ್ ಮರಗಳು ಮುಗಿದು ಬೋಳು ಗುಡ್ಡ ಶುರುವಾಯಿತು. ನೀಲಿ ನೆರಳು, ಗಾಳಿ ಗೀರಿದ ಹಿಮ, ಮುಂದೆ ಮಾವನ ಬಾಗಿದ ಬೆನ್ನು. ಅವನ ಒಂದೊಂದು ಹೆಜ್ಜೆಗೂ ಅಯಾಸ್ ಕಿವಿಗೊಡುತ್ತಿದ್ದ.

"ಯಾಕೋ ಹಿಂದೆ ಬಿದ್ದೆ? ಹಬ್ಬದ ಕೊಬ್ಬು ಭಾರ ಆಯ್ತಾ?"

ಈಗ ಹೇಳಬೇಕು. ಹೇಳಲಿಲ್ಲ.

ಕಡಿದಾದ ಏರಿನ ನಡುವೆ ಚಟಕ್ ಎಂದಿತು.

ಚರ್ಮ ಅಡ್ಡಕ್ಕೆ ಸೀಳಿತು. ಹಿಡಿತ ತಪ್ಪಿತು. ಸಂದಕ್ ಕಮರಿಯತ್ತ ಜಾರಿದ.

ಅಯಾಸ್ ಬೋರಲು ಬಿದ್ದು ಕೋಲು ಚಾಚಿದ. "ಹಿಡ್ಕೊಳ್ಳಿ ಮಾವ!"

ಒಂದು ಕೈ ಸಿಕ್ಕಿತು. ಎಳೆದ. ತನ್ನ ಸ್ಕೀ ಬಿಚ್ಚಿ ಮಾವನಿಗೆ ಕೊಟ್ಟು, ಮಾವನದನ್ನು ಹೆಗಲಿಗೇರಿಸಿ, ತಾನು ಸೊಂಟಮಟ್ಟದ ಹಿಮದಲ್ಲಿ ಒದ್ದಾಡುತ್ತ ನಡೆದ. ಸಂಜೆಗೆ ಗುಡಿಸಲು ಸಿಕ್ಕಿತು.

"ಒಬ್ಬನಿಗೆ ಕಾಲಿಲ್ಲ, ಒಬ್ಬನಿಗೆ ಸ್ಕೀ ಇಲ್ಲ. ಒಳ್ಳೇ ಜೊತೆ!" ಲೋಪ್ಸನ್ ನೋವಿನಲ್ಲೂ ನಕ್ಕ.

ಅಯಾಸನಿಗೆ ತಡೆಯಲಾಗಲಿಲ್ಲ. "ಮಾವ, ಆ ಚರ್ಮಾನ ನಾನು ಒಲೆ ಪಕ್ಕ ಒಣಗಿಸಿದ್ದೆ."

ಸಂದಕ್ ಬೆಂಕಿ ನೋಡುತ್ತ ಕೂತಿದ್ದ. "ಮನೇಲೇ ಹೇಳಿದ್ರೆ ಹೆಪ್ಪುಗಟ್ಟಿದ ನದಿ ಮೇಲೆ ಸುತ್ತಿ ಬರ್ತಿದ್ವಿ. ಒಂದು ದಿನ ತಡ ಆಗ್ತಿತ್ತು. ಅಷ್ಟೇ ಕಣೋ."

ಬೈದಿದ್ದರೆ ವಾಸಿಯಿತ್ತು.

ಅಯಾಸ್ ಹೊತ್ತು ತಂದ ಚರ್ಮದ ಕಾಲಿನ ಭಾಗ ಕೊಯ್ದು, ನೀರಲ್ಲಿ ನೆನೆಸಿ, ಮಾವನ ಸ್ಕೀ ತಳಕ್ಕೆ ಎಳೆದೆಳೆದು ಹೊಲಿದ. ಹೊರಗಿಟ್ಟ. ಬೆಳಗಾಗುವಷ್ಟರಲ್ಲಿ ಅದು ಚಳಿಗೆ ಸೆಟೆದು ಮರಕ್ಕೆ ಕಚ್ಚಿಕೊಂಡಿತ್ತು.

"ಹೊಲಿದವನೇ ಹಾಕ್ಕೊಳ್ಳಲಿ," ಎಂದ ಸಂದಕ್.

ಇಬ್ಬರೂ ಲೋಪ್ಸನ್‌ನನ್ನು ಉಳಿದ ಚರ್ಮಕ್ಕೆ ಕಟ್ಟಿ ನದಿದಾರಿ ಹಿಡಿದರು. ಎರಡು ದಿನ. ಗಂಟೆಗೊಮ್ಮೆ ಅಯಾಸ್ ಬಗ್ಗಿ ಹೊಲಿಗೆ ಮುಟ್ಟಿ ನೋಡುತ್ತಿದ್ದ. ಚರ್ಮ ಬಿಡಲಿಲ್ಲ.

ಊರವರು ಓಡಿಬಂದು ಲೋಪ್ಸನ್‌ನನ್ನು ಎತ್ತಿಕೊಂಡರು. ಮನೆಯಲ್ಲಿ ಅತ್ತೆ ಉಪ್ಪು-ಹಾಲಿನ ಚಹಾ ಬಗ್ಗಿಸಿದಳು. "ಅಳಿಯ ಅಂದ್ರೆ ಹೀಗಿರ್ಬೇಕು! ಲೋಪ್ಸನ್ ಹೇಳ್ದ, ಮಾವನ ಜೀವ ಉಳಿಸಿದಾನಂತೆ!" ಎಂದಳು ಪಕ್ಕದ ಮನೆಯಾಕೆ.

ಸಂದಕ್ ಬಟ್ಟಲಿನ ಮೇಲಿಂದ ಅಳಿಯನನ್ನೇ ನೋಡಿದ.

ಅಯಾಸ್ ಎದ್ದು ನಿಂತ. "ಜೀವ ತೆಗೆಯೋಕೆ ಹೊರಟವನೂ ನಾನೇ," ಎಂದು, ಒಲೆಯಿಂದ ಕಮರಿಯವರೆಗೆ ಎಲ್ಲವನ್ನೂ ಎಲ್ಲರೆದುರು ಹೇಳಿದ.

ಸಂದಕ್ ಪಕ್ಕಕ್ಕೆ ಸರಿದು ಜಾಗ ಮಾಡಿದ. "ಕೂತ್ಕೋ. ಚಹಾ ಆರ್ತಾ ಇದೆ."