ನಾಲ್ಕನೆಯ ಕಿಟಕಿ

ಅಂಗಡಿಯಾಕೆ ಮೆಟ್ಟಿಲು ಹತ್ತಿ ಬಂದಾಗ ಅವಳ ಪೊಟ್ಟಣ ಕೈಯಿಂದ ಜಾರುತ್ತಿತ್ತು. ಬಾಗಿಲು ತೆರೆದ ಸೊಸೆ ಮೊದಲು ಅದನ್ನು ಇಸಿದುಕೊಂಡು ಆಮೇಲೆ ಅವಳನ್ನು ಒಳಗೆ ಕರೆದಳು. ಕೆಳಗಿನ ಬೀದಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಅವಳದು. ಗಂಡ ತೀರಿಕೊಂಡ ಮೇಲೆ ಅದನ್ನು ತಾನೇ ನಡೆಸುತ್ತಿದ್ದಳು.

ಸೊಸೆಯ ಅತ್ತೆ ಮೂವತ್ತು ವರ್ಷ ಕೋರ್ಟಿಗೆ ಕಳ್ಳ ಸಹಿ, ತಿದ್ದಿದ ಪತ್ರಗಳನ್ನು ಪತ್ತೆಹಚ್ಚಿಕೊಟ್ಟು ನಿವೃತ್ತರಾದವರು. ನಿವೃತ್ತಿ ಬರೀ ಹೆಸರಿಗೆ. ಬೀದಿಯ ತಂಟೆಗಳೆಲ್ಲ ಅವರ ಮೆಟ್ಟಿಲನ್ನೇ ಹತ್ತುತ್ತಿದ್ದವು. ಅತ್ತೆಗೆ ಹೆದರಿಕೆಯೆಂಬುದೇ ಇರಲಿಲ್ಲ. ಮನೆಗೆ ಬೇಕಾದ ಹೆದರಿಕೆಯನ್ನೆಲ್ಲ ಸೊಸೆಯೊಬ್ಬಳೇ ಹೊತ್ತಿದ್ದಳು.

ಪೊಟ್ಟಣದಲ್ಲಿದ್ದುದು ದಪ್ಪ ರಟ್ಟಿಗೆ ಅಂಟಿಸಿದ ಒಂದೇ ಫೋಟೊದ ಮೂರು ಪ್ರತಿಗಳು. ಅಂಗಡಿಯಾಕೆಯ ಎಂಟು ವರ್ಷದ ಮಗಳು ಉದ್ಯಾನದಲ್ಲಿ ನಗುತ್ತ ನಿಂತಿದ್ದಳು. ಮೊದಲನೆಯದರಲ್ಲಿ ಪಾದಗಳಿದ್ದ ಜಾಗವನ್ನು ಚೌಕವಾಗಿ ಕತ್ತರಿಸಿ ತೆಗೆದಿತ್ತು. ಎರಡನೆಯದರಲ್ಲಿ ಕೈ ಇರಲಿಲ್ಲ. ಮೂರನೆಯದರಲ್ಲಿ ಮುಖವೇ ಇರಲಿಲ್ಲ. ಸೊಸೆ ಅದನ್ನು ಮೇಜಿನ ಮೇಲಿಟ್ಟಾಗ ಮಗುವಿನ ಮುಖ ಇರಬೇಕಾದಲ್ಲಿ ಮೇಜಿನ ಮರ ಕಂಡಿತು.

"ಸೋಮವಾರ ಕಾಲು, ಬುಧವಾರ ಕೈ," ಎಂದಳು ಅಂಗಡಿಯಾಕೆ. "ಇವತ್ತು ಇದು. ಬೆಳಿಗ್ಗೆ ಬಾಗಿಲು ತೆಗೆದ್ರೆ ಗಲ್ಲಾ ಮೇಲೆ ಇಟ್ಟಿರುತ್ತೆ. ಒಂದಕ್ಷರ ಬರೆದಿಲ್ಲಮ್ಮ."

ಅವಳ ಅನುಮಾನವೆಲ್ಲ ಮೈದುನನ ಮೇಲೆ. ಅಂಗಡಿ ತನಗೆ ಬಿಡದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಅವನು ಹೋದ ತಿಂಗಳು ನಾಲ್ಕು ಜನರೆದುರು ಕೂಗಾಡಿದ್ದ, ಬೀಗದ ಕೈಯೂ ಅವನ ಬಳಿ ಒಂದಿತ್ತು. ಇನ್ನು, ರಟ್ಟು ಕತ್ತರಿಸುವ ಯಂತ್ರ ಮಾರುವವನು ಎರಡು ಯಂತ್ರಗಳನ್ನು ಪರೀಕ್ಷೆಗೆಂದು ಇಟ್ಟುಹೋಗಿ ಹತ್ತು ದಿನದಿಂದ ಹೊತ್ತುಗೊತ್ತಿಲ್ಲದೆ ಬಂದು ಹೋಗುತ್ತಿದ್ದ. ಫೋಟೊಗೂ ಕಟ್ಟಿಗೂ ನಡುವೆ ಕೂರುವ ರಟ್ಟಿನಲ್ಲಿ ಚೌಕ ಕೊರೆಯುತ್ತಾರಲ್ಲ, ಆ ಕಸುಬಿನವರು 'ಕಿಟಕಿ' ಎನ್ನುವುದು ಅದಕ್ಕೇ. ಅದನ್ನು ಅಂಗಡಿಯಾಕೆಯ ಮಾವನವರ ಕಾಲದಿಂದ ಕೈಯಲ್ಲೇ ಕೊರೆಯುತ್ತಿದ್ದ ಮೇಸ್ತ್ರಿಗೇ ಯಂತ್ರ ಆರಿಸುವ ಕೆಲಸ ವಹಿಸಿದ್ದಳು.

"ಮೇಸ್ತ್ರಿ ಇಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ. ಸೋಮವಾರದಿಂದ ಮಗೂನ ಸ್ಕೂಲಿಂದ ಅವರೇ ಕರ್ಕೊಂಡು ಬರ್ತಿದ್ದಾರೆ."

ಪೊಲೀಸರಿಗೆ ಹೇಳಿ ಮೈದುನನನ್ನು ಒಳಗೆ ಹಾಕಿಸುತ್ತೇನೆಂದಳು. ಅತ್ತೆ ಒಂದು ಗಂಟೆ ತಡೆಯಲು ಹೇಳಿ ಭೂತಗನ್ನಡಿ ಹಿಡಿದರು. ಪ್ರತಿ ಕಿಟಕಿಯ ಅಂಚೂ ಓರೆಯಾಗಿದ್ದು, ರಟ್ಟಿನ ಬಿಳಿ ತಿರುಳು ಚಿತ್ರದ ಕಡೆಗೇ ಕಾಣುತ್ತಿತ್ತು. ಹಿಂಬದಿಯಲ್ಲಿ ತೆಳ್ಳನೆಯ ಪೆನ್ಸಿಲ್ ಗೆರೆಗಳು ಮೂಲೆಗಳಲ್ಲಿ ಒಂದನ್ನೊಂದು ದಾಟಿ ಹೋಗಿದ್ದವು. ಅವರು ಚಪ್ಪಲಿ ಮೆಟ್ಟಿಕೊಂಡರು.

ಅಂಗಡಿಯಲ್ಲಿ ಅಂಟಿನ ವಾಸನೆ. ಗೋಡೆಯುದ್ದಕ್ಕೂ ಕಟ್ಟಿನ ಮರದ ಪಟ್ಟಿಗಳು, ಉದ್ದನೆಯ ಮೇಜಿನ ಮೇಲೆ ಹೊಸ ಯಂತ್ರಗಳೆರಡು. ಹೇಳಿಕಳಿಸಿದ್ದಕ್ಕೆ ಮೈದುನ ಮುಖ ಗಂಟು ಹಾಕಿಕೊಂಡು ಬಂದಿದ್ದ. ಅತ್ತೆ ಅಲ್ಲೇ ಇದ್ದ ಯಂತ್ರದವನಿಗೆ ಒಂದು ಕಿಟಕಿ ಕೊರೆದು ತೋರಿಸಲು ಹೇಳಿದರು. ಅವನು ರಟ್ಟನ್ನು ಬೋರಲು ಹಾಕಿ, ಅಲಗು ನಿಲ್ಲಬೇಕಾದ ಅಳತೆಗೆ ತಡೆಗಳನ್ನು ಕೂರಿಸಿ, ನಾಲ್ಕೇ ಎಳೆತದಲ್ಲಿ ಮುಗಿಸಿದ. ಇದಕ್ಕೆ ಗೆರೆ ಎಳೆಯುವ ಗೋಜೇ ಇಲ್ಲ, ತನ್ನ ಚೀಲದಲ್ಲಿ ಪೆನ್ಸಿಲ್ಲೇ ಇಲ್ಲ ಎಂದು ಕೊಚ್ಚಿಕೊಂಡ. ಅಡಿಯಲ್ಲೊಂದು ರದ್ದಿ ರಟ್ಟು ಏಕೆ ಇಟ್ಟೆ ಎಂದು ಅತ್ತೆ ಕೇಳಿದರೆ, ಅದಿಲ್ಲದಿದ್ದರೆ ಅಂಚು ಸಿಬಿರೇಳುತ್ತದೆ, ಕಸುಬು ಬಲ್ಲವರು ಯಾರೂ ಅದನ್ನು ಮರೆಯುವುದಿಲ್ಲ ಎಂದ.

ಅತ್ತೆ ಮೇಸ್ತ್ರಿ ರಟ್ಟು ಕೊರೆಯುವ ಹಲಗೆಯ ಬಳಿ ಹೋದರು. ಅಲ್ಲಿದ್ದ ಬೂದುಬಣ್ಣದ ರದ್ದಿ ರಟ್ಟನ್ನು ಬೆಳಕಿಗೆ ಓರೆ ಹಿಡಿದರು. ಮದುವೆಯಾಗಿ ಬಂದ ಹತ್ತು ವರ್ಷದಲ್ಲಿ ಮೊದಲ ಸಲ ಅತ್ತೆಯ ಮುಖ ಬಿಳಿಚಿಕೊಂಡದ್ದನ್ನು ಸೊಸೆ ನೋಡಿದಳು. ಆ ರಟ್ಟು ಅವಳ ಕೈಗೂ ಬಂತು. ರಟ್ಟಿನ ಮೇಲೆ ಅಲಗು ಬಿಟ್ಟ ಗೀರುಗಳಿದ್ದವು. ಮೂರು ಚೌಕಗಳು, ಆ ಮೂರು ಕಿಟಕಿಗಳ ಅಳತೆಯವೇ. ಅವುಗಳ ಪಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದಾದ ನಾಲ್ಕನೆಯದು.

"ಮಗು ಎಲ್ಲಿ?" ಎಂದರು ಅತ್ತೆ.

ಮೇಸ್ತ್ರಿ ಕರೆತರಲು ಹೋಗಿದ್ದಾರೆ ಎಂದಳು ಅಂಗಡಿಯಾಕೆ. ಬರುವ ಹೊತ್ತು ಮೀರಿ ಹತ್ತು ನಿಮಿಷವಾಗಿತ್ತು. ಸೊಸೆ ರಟ್ಟನ್ನು ಅತ್ತೆಯ ಕೈಗೆ ವಾಪಸು ಕೊಟ್ಟಳು. ತಾಯಿಗೆ ಹೇಳುವಂತಿಲ್ಲ, ಹೇಳದೆ ನಿಲ್ಲುವಂತಿಲ್ಲ. ಬೀದಿಯಲ್ಲಿ ಪ್ರತಿ ಹೆಜ್ಜೆಯ ಸದ್ದಿಗೂ ಅವಳು ಬಾಗಿಲ ಕಡೆ ತಿರುಗುತ್ತಿದ್ದಳು. ಕೊನೆಗೆ ಬಾಗಿಲು ತೆರೆಯಿತು. ಹುಡುಗಿ ಮೇಸ್ತ್ರಿಯ ಬೆರಳು ಹಿಡಿದು ಏನೋ ಹರಟುತ್ತ ಬಂದಳು. ಅವನು ತನ್ನ ಹಲಗೆಯ ಮುಂದೆ ಕುಳಿತ. ಹುಡುಗಿ ಅವನ ಮೊಣಕಾಲಿಗೆ ಒರಗಿ ನಿಂತಳು. ಕತ್ತರಿಸುವ ಅಲಗು ಅವನ ಕೈಗೆ ಒಂದು ಗೇಣು ದೂರದಲ್ಲಿತ್ತು.

ಸೊಸೆ ಹೊಸ ಯಂತ್ರದ ಹಿಡಿ ಎಳೆಯುತ್ತೀಯಾ ಎಂದು ಹುಡುಗಿಯನ್ನು ಕೇಳಿದಳು. ಹುಡುಗಿ ಮೇಸ್ತ್ರಿ ತಾತನ ಮುಖ ನೋಡಿದಳು. ತಾತ ತಲೆಯಾಡಿಸಿದ ಮೇಲೆ ಬೆರಳು ಬಿಟ್ಟು ಓಡಿಬಂದಳು. ಸೊಸೆ ಅವಳನ್ನು ಕೋಣೆಯ ಆ ತುದಿಗೆ ಕರೆದೊಯ್ದು ತನ್ನ ಎರಡು ಕೈಗಳ ನಡುವೆ ನಿಲ್ಲಿಸಿಕೊಂಡಳು. ಆಗ ಅತ್ತೆ ಮೆಲುದನಿಯಲ್ಲಿ ಮಾತು ತೆಗೆದರು.

"ಕಸುಬು ಗೊತ್ತಿಲ್ಲದೋರು ಚಿತ್ರ ಕಣ್ಣಿಗೆ ಕಾಣೋ ಹಾಗಿಟ್ಟು ಕತ್ತರಿಸ್ತಾರೆ. ಈ ಫೋಟೊಗಳಲ್ಲಿ ಬಿಳಿ ಅಂಚು ಮುಂದೆ ಬಂದಿದೆ, ಅಂದ್ರೆ ಬೋರಲು ಹಾಕಿ, ಹಿಂದಿನಿಂದ ಅಳೆದು ಕತ್ತರಿಸಿದ್ದು. ಹಾಗಾಗಿ ಮೈದುನ ಅಲ್ಲ. ಹಿಂಬದಿಯಲ್ಲಿ ಪೆನ್ಸಿಲ್ ಗೆರೆ ಇದೆ, ಯಂತ್ರದೋರು ಗೆರೆ ಎಳೆಯೋದೇ ಇಲ್ಲ. ಸ್ಕೇಲು ಹಿಡಿದು ಕೈಯಲ್ಲಿ ಕೊರೆಯೋರಿಗೆ ಮಾತ್ರ ಗೆರೆ ಬೇಕು." ಬೂದು ರಟ್ಟನ್ನು ಹಲಗೆಯ ಮೇಲಿಟ್ಟರು. "ಕೆಟ್ಟ ಕೆಲಸ ಮಾಡುವಾಗ್ಲೂ ಅಂಚು ಸಿಬಿರೇಳಬಾರದು ಅಂತ ಇದನ್ನ ಅಡಿಗೆ ಇಟ್ಟಿದ್ದೀಯ, ಮೇಸ್ತ್ರಿ. ಇನ್ನೂ ಬಳಕೆಗೆ ಬರುತ್ತೆ ಅಂತ ಎತ್ತೂ ಇಟ್ಟಿದ್ದೀಯ."

ಮೇಸ್ತ್ರಿ ಅಲ್ಲಗಳೆಯಲಿಲ್ಲ.

"ಯಾವ ಯಂತ್ರ ಒಳ್ಳೇದು ಅಂತ ನನ್ನನ್ನೇ ಕೇಳಿದ್ಲು," ಎಂದ. "ನಾನಿನ್ನು ಬೇಡ ಅನ್ನೋದನ್ನ ನನ್ನ ಬಾಯಲ್ಲೇ ಹೇಳಿಸೋ ಹಾಗೆ. ಹೆದರಿದ್ರೆ ನಾನು ಬೇಕಾಗ್ತೀನಿ ಅನ್ಕೊಂಡೆ. ಬೇಕಾದೆ ಕೂಡ."

"ನಡೆಸೋರು ನೀವೇ ಅಂತ ಕೇಳಿದ್ದು," ಎಂದಳು ಅಂಗಡಿಯಾಕೆ. "ನಿಮ್ಮ ಕೈಗೆ ಯಾವುದು ಹೊಂದುತ್ತೋ ಅದನ್ನ ತಗೊಳ್ಳೋಣ ಅಂತ."

ಅತ್ತೆ ನಾಲ್ಕನೆಯದನ್ನು ಕೇಳಿದರು. ಅವನು ಬುತ್ತಿಯ ಚೀಲದಿಂದ ತೆಗೆದುಕೊಟ್ಟ. ಅದರಲ್ಲಿ ಹುಲ್ಲು ಇತ್ತು, ಕಲ್ಲುಬೆಂಚು ಇತ್ತು. ನಡುವೆ ಮಗು ನಿಂತಿದ್ದ ಜಾಗ ಪೂರ್ತಿ ಖಾಲಿ.

"ಇದಾದ ಮೇಲೆ?"

ಮೇಸ್ತ್ರಿ ಯೋಚಿಸಿದ. ನಿಜವಾಗಿಯೂ ಉತ್ತರ ಹುಡುಕುವವನಂತೆ ಯೋಚಿಸಿದ. "ಇದರ ಮುಂದಿನದನ್ನ ನಾನಿನ್ನೂ ಯೋಚಿಸಿರಲಿಲ್ಲಮ್ಮ," ಎಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಸೊಸೆ ಹುಡುಗಿಯನ್ನು ಇನ್ನೂ ಹತ್ತಿರ ಎಳೆದುಕೊಂಡದ್ದು ಅದಕ್ಕೇ. ಅಂಗಡಿಯಾಕೆ ಬಂದು ಮಗಳನ್ನು ಬಾಚಿ ಸೊಂಟಕ್ಕೇರಿಸಿಕೊಂಡಳು. ತಾತ ಬರಲ್ವಾ ಎಂದು ಹುಡುಗಿ ಕೇಳುತ್ತಿದ್ದಂತೆಯೇ ತಾಯಿ ಹೊಸ್ತಿಲು ದಾಟಿದಳು. ಎತ್ತಿಕೊಳ್ಳುವ ವಯಸ್ಸು ದಾಟಿದ ಹುಡುಗಿ, ಕಾಲುಗಳು ತಾಯಿಯ ಮೊಣಕಾಲಿಗೆ ಬಡಿಯುತ್ತಿದ್ದವು. ಬೀದಿಯ ಕೊನೆಯವರೆಗೂ ಅವಳು ಮಗಳನ್ನು ಕೆಳಗಿಳಿಸಲಿಲ್ಲ.