ತುದಿಗೊಂಬೆಯ ಹಣ್ಣು

"ಅದಕ್ಕೆ ಕೈ ಹಾಕ್ಬೇಡ ಕಣೇ! ಅದು ಹಕ್ಕಿ ಪಾಲು!" ಅಂಗಳದಲ್ಲಿ ಕಿಮ್ಚಿ ಉಪ್ಪಿನಕಾಯಿಗೆಂದು ಕೋಸು ತೊಳೆಯುತ್ತಿದ್ದ ಅಜ್ಜಿ ಕೂಗಿದಳು.

ಏಣಿಯ ಮೇಲಿದ್ದ ಮೊಮ್ಮಗಳು ದಲ್ಲೆ ಕೇಳಿಸದವಳಂತೆ ಬಿದಿರು ಗಳುವನ್ನು ಇನ್ನೂ ಮೇಲಕ್ಕೆ ಚಾಚಿದಳು. ಗಳುವಿನ ಸೀಳಿದ ತುದಿಗೆ ರೆಂಬೆ ಸಿಕ್ಕಿಸಿ ತಿರುಚಿದಾಗ ಟೊಮೇಟೊದಂತೆ ಕೆಂಪಗೆ ಮಾಗಿದ ಗಾಮ್ ಹಣ್ಣು ಲಟಕ್ಕನೆ ಮುರಿದು ಬಂತು. ಆ ಊರಿನಲ್ಲಿ ಯಾರೂ ಮರದ ತುದಿಯ ನಾಲ್ಕು ಹಣ್ಣು ಕೀಳುತ್ತಿರಲಿಲ್ಲ. ಚಳಿಗಾಲಕ್ಕೆ ಹಕ್ಕಿಗಳಿಗೂ ಏನಾದರೂ ಬೇಕಲ್ಲ.

"ಪೆಟ್ಟಿಗೆ ತುಂಬ್ಲಿಲ್ಲ ಅಜ್ಜಿ. ಯೆಸೊಲ್ ಹತ್ರ ಜಾಸ್ತಿ ಇದೆ."

"ಇದ್ರೆ ಇರ್ಲಿ. ನೀನು ಹೊರಟಿರೋದು ಹಣ್ಣು ಮಾರೋಕೋ, ಅವಳ ಮೇಲೆ ಹಗೆ ತೀರಿಸೋಕೋ?"

ದಲ್ಲೆ ಗಳುವನ್ನು ತುದಿಯ ಇನ್ನೊಂದು ಹಣ್ಣಿಗೆ ಚಾಚಿದಳು. ಹೋದ ವರ್ಷ ಗೆಳತಿಯರಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಮಾರಿದ್ದರು. ಈ ಸಲ ಯೆಸೊಲ್ ತನ್ನ ಅಮ್ಮನ ಜೊತೆ ಸೇತುವೆಯ ಪಕ್ಕ ಅಂಗಡಿ ಹಾಕಿದ್ದಳು. ನಾನೂ ಬರಲಾ ಎಂದು ಕೇಳಿದರೆ, "ನೀನು ಮಾರೋದಕ್ಕಿಂತ ತಿನ್ನೋದೇ ಜಾಸ್ತಿ!" ಎಂದು ಇಡೀ ಕ್ಲಾಸಿನೆದುರು ನಕ್ಕಿದ್ದಳು.

ಭಾನುವಾರ ದಲ್ಲೆ ಸೇತುವೆಗಿಂತ ಮೊದಲೇ ಸಿಗುವ ತಿರುವಿನಲ್ಲಿ ಚಾಪೆ ಹಾಸಿದಳು. ಪೇಟೆಯ ಕಾರುಗಳು ಅವಳ ಮುಂದೆಯೇ ನಿಂತವು.

"ಸೇತುವೆ ಹತ್ರಾನೂ ಹಣ್ಣಿದೆಯಂತಲ್ಲ ಪುಟ್ಟಿ?" ಎಂದರು ಟೋಪಿ ಹಾಕಿದ್ದ ಒಬ್ಬರು.

"ಅದಾ ಅಂಕಲ್? ಬರೀ ಒಗರು. ನಾಲಿಗೆ ದಪ್ಪ ಆಗುತ್ತೆ!"

ಒಮ್ಮೆ ಹೇಳಿದ ಸುಳ್ಳು ಮತ್ತೆ ಮತ್ತೆ ಸಲೀಸಾಗಿ ಬಂತು. ಹಣ್ಣೂ ಅಷ್ಟೇ ಸಲೀಸಾಗಿ ಖರ್ಚಾಯಿತು.

ಸಂಜೆ ಯೆಸೊಲ್ ಮತ್ತು ಅವಳ ಅಮ್ಮ ತುಂಬಿದ ಪೆಟ್ಟಿಗೆಗಳ ತಳ್ಳುಗಾಡಿ ನೂಕುತ್ತ ಬಂದರು. ಯೆಸೊಲ್ ತಲೆ ಎತ್ತಲಿಲ್ಲ.

"ಎಲ್ಲಾ ಖರ್ಚಾಯ್ತಾ ದಲ್ಲೆ? ಒಳ್ಳೇದಾಯ್ತು ಮಗಾ," ಎಂದರು ಅವಳ ಅಮ್ಮ. "ನಮ್ಮದು ಒಗರು ಅಂತ ಯಾರೋ ಹೇಳಿದ್ರಂತೆ. ಇವಳಿಗೊಂದು ಚಳಿಗಾಲದ ಕೋಟು ಕೊಳ್ಳೋಕಾದ್ರೂ ದುಡ್ಡಾಗುತ್ತೆ ಅಂದ್ಕೊಂಡಿದ್ದೆ."

ದಲ್ಲೆ ಅವರ ಮುಖ ನೋಡದೆ ಚಾಪೆ ಸುತ್ತಿದಳು.

ಮುಂದಿನ ಭಾನುವಾರ ಸೇತುವೆಯ ಪಕ್ಕ ಯಾರೂ ಇರಲಿಲ್ಲ. ದಲ್ಲೆ ದೊಡ್ಡಪ್ಪನ ತೋಟದ ಹಣ್ಣು ಜೋಡಿಸಿ ಕೂತಳು. ಕಾರೊಂದು ಬಂದು ನಿಧಾನವಾಯಿತು. ಅವಳ ಕಣ್ಣು ಬರಿದಾದ ಸೇತುವೆಯ ಕಡೆಗೇ ಹೋಗುತ್ತಿತ್ತು. ಕಾರು ಹೊರಟುಹೋಯಿತು.

ಹಣ್ಣನ್ನು ಹಾಗೆಯೇ ಹೊತ್ತು ಮನೆಗೆ ಬಂದಳು. ಅಂಗಳದ ಬೋಳು ಮರದ ತುದಿಗೆ ಹಕ್ಕಿಯೊಂದು ಬಂದು ಕೂತಿತು. ಕತ್ತು ಆಚೀಚೆ ಹೊರಳಿಸಿ ಹುಡುಕಿತು. ಹಾರಿಹೋಯಿತು.

"ಅಜ್ಜಿ, ಹಣ್ಣನ್ನ ಮೇಲೆ ಕಟ್ಟಿದ್ರೆ ಹಕ್ಕಿಗಳು ಮತ್ತೆ ಬರ್ತಾವಾ?"

"ಗೊತ್ತಿಲ್ಲ ಕಣೇ," ಎಂದಳು ಅಜ್ಜಿ.

ದಲ್ಲೆ ಏಣಿ ತರಲು ಹೋದಳು.